ಏರಿಲ್ಲದ ದಾರಿ, ಹಾರ್ನ್ ಇಲ್ಲದ ದಾರಿ: ಉಡುಪಿಯ ಬೈಲಿನಲ್ಲಿ ಸೈಕಲ್ ಬಿಡುವವರಿಗೆ

ಉಡುಪಿಯಲ್ಲಿ ಸೈಕಲ್ ಇಟ್ಟುಕೊಂಡಿದ್ದೇನೆ ಅಂದ ಕೂಡಲೇ ಜನ ಕೇಳುವುದು ಒಂದೇ ಪ್ರಶ್ನೆ. ಮಣಿಪಾಲ ಹತ್ತಿದ್ರಾ?

ಹತ್ತಿಲ್ಲ ಮಾರಾಯ್ರೇ. ಒಂದು ಸಲ ಹೊರಟದ್ದು ಹೌದು. ಇಂದ್ರಾಳಿ ದಾಟಿದ ಮೇಲೆ ಕಾಲು ಬಿದ್ದುಹೋಯಿತು, ಇಳಿದು ತಳ್ಳುತ್ತಿದ್ದರೆ ಹಿಂದಿನಿಂದ ಬಸ್ಸಿನವ ಹಾರ್ನ್ ಹಾಕಿದ್ದೇ ಹಾಕಿದ್ದು. ಅರ್ಧದಲ್ಲೇ ತಿರುಗಿಸಿದೆ. ವಾಪಸ್ ಬರುವಾಗ ಒಂದು ಪೆಡಲ್ ಕೂಡ ತುಳಿಯಬೇಕಾಗಲಿಲ್ಲ, ಅದೊಂದೇ ಲಾಭ.

ಆಮೇಲೆ ನಿಧಾನಕ್ಕೆ ಗೊತ್ತಾಯಿತು, ಸೈಕಲಿಗೆ ಹೇಳಿ ಮಾಡಿಸಿದಂಥ ಜಾಗ ನಮ್ಮಲ್ಲಿ ಬೇರೆಯೇ ಉಂಟು ಅಂತ. ಹೆದ್ದಾರಿ 66 ದಾಟಿ ಪಡುವಣಕ್ಕೆ ಇಳಿದರೆ ಸಾಕು. ಸ್ವರ್ಣಾ, ಸೀತಾ, ಉದ್ಯಾವರ ಹೊಳೆ, ಇವೆಲ್ಲ ಸಮುದ್ರ ಸೇರುವ ಮೊದಲು ಅಗಲವಾಗಿ ಹರಡಿಕೊಂಡು ಮಲಗಿವೆ. ಎಷ್ಟೋ ವರ್ಷಗಳ ನೆರೆ ತಂದು ಹಾಕಿದ ಮಣ್ಣು, ಅದರ ಮೇಲೆ ಗದ್ದೆ, ಗದ್ದೆಯ ನಡುವೆ ಒಂದು ಕಾರು ಹೋಗುವಷ್ಟೇ ಅಗಲದ ಕಾಂಕ್ರೀಟ್ ರಸ್ತೆ. ಗೇರ್ ಬೇಡ, ಹೆಲ್ಮೆಟ್ ಬೇಕು. ಅಲ್ಲಿಗೆ ಹೋಗುವುದು ಹೇಗೆ, ಯಾವಾಗ, ಏನು ತೆಗೆದುಕೊಂಡು ಅಂತ ನನಗೆ ಗೊತ್ತಿರುವಷ್ಟು ಬರೆಯುತ್ತೇನೆ.

ಮೊದಲ ಕೆಲಸ: ಊರಿನ ಹೆಸರು ಓದುವುದು

ಮ್ಯಾಪ್ ಆಮೇಲೆ. ನಮ್ಮ ಕಡೆಯ ಊರಿನ ಹೆಸರುಗಳಲ್ಲೇ ಏರು ತಗ್ಗು ಎಲ್ಲ ಬರೆದಿಟ್ಟಿದ್ದಾರೆ. ಪದವು, ಗುಡ್ಡೆ, ಪಾದೆ ಅಂತ ಕೊನೆಗೆ ಬಂದರೆ ಮುರಕಲ್ಲಿನ ಗುಡ್ಡ, ಏರು ಗ್ಯಾರಂಟಿ. ಬೈಲು ಅಂತ ಬಂದರೆ ತಗ್ಗು. ಕುದ್ರು ಅಂದರೆ ಹೊಳೆಯ ನಡುವಿನ ದ್ವೀಪ, ಬೆಂಗ್ರೆ ಅಂದರೆ ಹೊಳೆಗೂ ಸಮುದ್ರಕ್ಕೂ ನಡುವೆ ಉದ್ದಕ್ಕೆ ಚಾಚಿದ ಹೊಯಿಗೆಯ (ಮರಳಿನ) ಪಟ್ಟಿ, ಕೋಡಿ ಅಂದರೆ ಅದರ ತುದಿ. ಇವು ಮೂರೂ ಅಂಗೈಯಷ್ಟು ಸಪಾಟು.

ಹಿರಿಯರು ಗದ್ದೆಯನ್ನೇ ಮೂರು ಬಗೆ ಮಾಡಿದ್ದಾರೆ, ಗೊತ್ತಲ್ವಾ? ಮೇಲಿನದು ಬೆಟ್ಟು, ನಡುವಿನದು ಮಜಲು, ಕೆಳಗೆ ನೀರಿನ ಪಕ್ಕದ್ದು ಬೈಲು. ಬೆಟ್ಟಿನಲ್ಲಿ ಮಳೆ ನಂಬಿ ಏಣೆಲು ಒಂದೇ ಬೆಳೆ, ಮಜಲಿನಲ್ಲಿ ಸುಗ್ಗಿಯೂ ಸೇರಿ ಎರಡು, ನೀರು ಆರದ ಬೈಲಿನಲ್ಲಿ ಕೊಳಕೆಯೂ ಸೇರಿ ಮೂರು. ಸೈಕಲಿನವರಿಗೆ ಇದರಲ್ಲಿ ಏನು ಅಂದರೆ, ಡಿಸೆಂಬರಿನಲ್ಲೂ ಹಸಿರಾಗಿ ಕಾಣುವ ಗದ್ದೆಯ ಪಟ್ಟಿ ಎಲ್ಲಿ ಹೋಗುತ್ತದೋ ಅದರ ಜೊತೆಗೇ ಹೋಗುವ ರಸ್ತೆಗೆ ಏರು ಇರುವುದಿಲ್ಲ. ಬೇರೆ ಲೆಕ್ಕ ಬೇಡ.

ಇನ್ನೊಂದು ಗುರುತು ಪಡು ಮತ್ತು ಮೂಡು. ಪಡು ಅಂದರೆ ಪಶ್ಚಿಮ, ಅಂದರೆ ಸಮುದ್ರದ ಕಡೆ. ಪಡುಬಿದ್ರಿ ಸಮುದ್ರದ ಮಟ್ಟದಲ್ಲಿ ಉಂಟು, ಮೂಡುಬಿದಿರೆಗೆ ಹತ್ತಿಕೊಂಡೇ ಹೋಗಬೇಕು. ಇದು ಎಲ್ಲ ಕಡೆ ಸರಿ ಬರುತ್ತದೆ ಅಂತ ಅಲ್ಲ. ಆದರೆ ಸಂಶಯ ಬಂದರೆ ಪಡುವಿನ ಕಡೆ ತಿರುಗಿ, ಸುಮ್ನೆ ಕಾಲಿಗೆ ಯಾಕೆ ಕಷ್ಟ.

ಎರಡನೆಯದು: ದಾರಿ ಹುಡುಕುವುದು ಮತ್ತು ಕೇಳುವುದು

ಈಗ ಮ್ಯಾಪ್ ತೆರೆಯಿರಿ. ಕಾರಿನ ದಾರಿ ಕೇಳಬೇಡಿ, ಅದು ನಿಮ್ಮನ್ನು ಸೀದಾ ಹೆದ್ದಾರಿಗೆ ತಂದು ಹಾಕುತ್ತದೆ. ನಡೆದು ಹೋಗುವ ದಾರಿ ಕೇಳಿ, ಇಲ್ಲವೇ ಉಪಗ್ರಹದ ಚಿತ್ರ ಹಾಕಿಕೊಂಡು ಹೊಳೆಯ ಪಕ್ಕದ ಸಪೂರ ಬಿಳಿ ಗೆರೆಗಳನ್ನು ಬೆರಳಲ್ಲೇ ಹಿಂಬಾಲಿಸಿ. ಹೊಳೆಗೆ ಅಡ್ಡ ಒಂದು ಗೆರೆ ಕಂಡು, ಅದರ ಎರಡೂ ಬದಿಯ ನೀರಿನ ಬಣ್ಣ ಬೇರೆ ಬೇರೆ ಇದ್ದರೆ ಅದು ಹೆಚ್ಚಾಗಿ ಕಿಂಡಿ ಅಣೆಕಟ್ಟು.

ಈ ಕಿಂಡಿ ಅಣೆಕಟ್ಟುಗಳು ನಮ್ಮ ಪಾಲಿಗೆ ನಿಧಿ. ಮಳೆ ನಿಂತ ಮೇಲೆ ಕಿಂಡಿಗಳಿಗೆ ಹಲಗೆ ಇಳಿಸುತ್ತಾರೆ. ಹಲಗೆ ಎರಡು ಸಾಲು, ನಡುವೆ ಮಣ್ಣು ತುಂಬಿಸಿ ಮೆಟ್ಟುತ್ತಾರೆ. ಮೇಲಿನಿಂದ ಬರುವ ಸಿಹಿ ನೀರು ನಿಲ್ಲುತ್ತದೆ, ಸಮುದ್ರದ ಉಪ್ಪು ನೀರು ಗದ್ದೆಗೆ ಹತ್ತುವುದಿಲ್ಲ. ಮಳೆಗಾಲಕ್ಕೆ ಮೊದಲು ಹಲಗೆ ತೆಗೆಯುತ್ತಾರೆ. ಎಷ್ಟೋ ಕಡೆ ಅದರ ಮೇಲೆ ಒಂದು ಕಾಲುದಾರಿ ಇರುತ್ತದೆ. ಕಾರು ದಾಟಬೇಕಾದರೆ ಐದಾರು ಕಿಲೋಮೀಟರ್ ಸುತ್ತಬೇಕಾದಲ್ಲಿ ನೀವು ಇಳಿದು, ಸೈಕಲ್ ತಳ್ಳಿಕೊಂಡು ಒಂದು ನಿಮಿಷದಲ್ಲಿ ಆಚೆ ದಡ. ಕೆಲವಕ್ಕೆ ಕಟ್ಟೆಗೋಡೆ ಕೂಡ ಇರುವುದಿಲ್ಲ, ಹಾಗಾಗಿ ಅದರ ಮೇಲೆ ಸೈಕಲ್ ಓಡಿಸುವ ಶೂರತ್ವ ಬೇಡ.

ಮ್ಯಾಪ್ ಮುಗಿದಲ್ಲಿ ಬಾಯಿ. ಗದ್ದೆಯಲ್ಲಿ ಇರುವವರನ್ನು, ಅಂಗಳ ಗುಡಿಸುವವರನ್ನು ಕೇಳಿ. "ಅಕ್ಕ, ಈ ದಾರಿ ಆಚೆ ಕೂಡ್ತದಾ?" ಅವರು ನಿಮ್ಮ ಸೈಕಲ್ ನೋಡಿ, ನಿಮ್ಮನ್ನು ನೋಡಿ, "ಕಾರು ಹೋಗ್ಲಿಕ್ಕಿಲ್ಲ, ಮುಂದೆ ಬರೇ ಕಟ್ಟಪುಣಿ" ಅಂದರೆ ಖುಷಿಪಡಿ. ಅದೇ ನಮ್ಮ ದಾರಿ. ಕಟ್ಟಪುಣಿ ಅಂದರೆ ಗದ್ದೆಯ ಅಂಚು, ಅಲ್ಲಿ ಸೈಕಲ್ ಹೆಗಲ ಮೇಲೆ. ಸಾಮಾನ್ಯವಾಗಿ ಸ್ವಲ್ಪ ದೂರಕ್ಕೇ ಮತ್ತೆ ಕಾಂಕ್ರೀಟ್ ಸಿಗುತ್ತದೆ.

ಹೊತ್ತು, ಗಾಳಿ, ಉಬ್ಬರ

ಏರಿಲ್ಲದ ಊರಿನಲ್ಲಿ ಗಾಳಿಯೇ ಏರು. ಇದನ್ನು ನಾನು ತಡವಾಗಿ ಕಲಿತೆ.

ಬೆಳಗ್ಗೆ ಗಾಳಿ ಇಲ್ಲ ಅಂತಲೇ ಲೆಕ್ಕ, ಇದ್ದರೂ ನೆಲದಿಂದ ಸಮುದ್ರದ ಕಡೆಗೆ ಸಣ್ಣಗೆ ಹೋಗುತ್ತದೆ. ಹೊತ್ತೇರಿ ನೆಲ ಕಾದ ಮೇಲೆ ಉಲ್ಟಾ. ಹನ್ನೊಂದು ಗಂಟೆಯ ಸುಮಾರಿಗೆ ಸಮುದ್ರದ ಗಾಳಿ ಶುರುವಾಗುತ್ತದೆ, ಮಧ್ಯಾಹ್ನಕ್ಕೆ ಪಶ್ಚಿಮ ಮತ್ತು ವಾಯವ್ಯದಿಂದ ಸರಿಯಾಗಿ ಬೀಸುತ್ತದೆ. ಆದ್ದರಿಂದ ಬೆಳಗ್ಗೆ ಬಡಗಿಗೆ, ಅಂದರೆ ಉತ್ತರಕ್ಕೆ ಹೋಗಿ, ಬರುವಾಗ ತೆಂಕಿಗೆ, ಅಂದರೆ ದಕ್ಷಿಣಕ್ಕೆ ಬನ್ನಿ. ಗಾಳಿ ಬೆನ್ನಿಗೆ ಬಂದರೆ ಹಳೇ ಅಟ್ಲಾಸ್ ಸೈಕಲ್ ಕೂಡ ಓಡುತ್ತದೆ. ನಾನು ಒಮ್ಮೆ ಇದರ ವಿರುದ್ಧ ಮಾಡಿದೆ. ಮಧ್ಯಾಹ್ನ ಎರಡು ಗಂಟೆಗೆ ಬಡಗಿಗೆ ಮುಖ ಮಾಡಿ ತುಳಿಯುತ್ತಿದ್ದಾಗ ಮೀನಿನ ಬುಟ್ಟಿ ಕಟ್ಟಿಕೊಂಡ ಒಬ್ಬರು ಹಿರಿಯರು, ಗೇರ್ ಇಲ್ಲದ ಸೈಕಲಿನಲ್ಲಿ, ಎದುರಿನಿಂದ ಕೈಬಿಟ್ಟು ಬೀಡಿ ಹಚ್ಚಿಕೊಳ್ಳುತ್ತಾ ಬಂದು ದಾಟಿ ಹೋದರು.

ಹೊರಡುವ ಹೊತ್ತು ಬೆಳಕಾದ ಕೂಡಲೇ. ಜನವರಿಯಲ್ಲಿ ಸೂರ್ಯ ಬರುವಾಗ ಏಳು ಗಂಟೆಗೆ ಸ್ವಲ್ಪವೇ ಬಾಕಿ ಇರುತ್ತದೆ, ಆರೂವರೆಗೆ ಹೊರಟರೆ ಲೈಟು ಬೇಕು. ಎಂಟರಿಂದ ಒಂಬತ್ತು ಶಾಲೆಯ ವ್ಯಾನ್‌ಗಳ ಹೊತ್ತು. ಸಪೂರ ರಸ್ತೆ, ಅವಸರದ ವ್ಯಾನ್, ಆ ಒಂದು ಗಂಟೆ ಎಲ್ಲಾದರೂ ಕೂತು ಬನ್ಸ್ ತಿನ್ನಿ. ಭಾನುವಾರ ವ್ಯಾನ್ ಇಲ್ಲ, ಆದರೆ ಸಂಜೆ ಬೀಚಿಗೆ ಬರುವ ಕಾರುಗಳು ಉಂಟು. ಹಾಗಾಗಿ ಭಾನುವಾರ ಆದರೆ ಹತ್ತರ ಒಳಗೆ ಮುಗಿಸಿ.

ಉಬ್ಬರ ಇಳಿತವನ್ನೂ ಒಮ್ಮೆ ನೋಡಿಕೊಳ್ಳಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರ ದೊಡ್ಡದು, ಹೊಳೆ ದಡದ ತಗ್ಗು ರಸ್ತೆಯ ಮೇಲೆ ಅಲ್ಲಲ್ಲಿ ನೀರು ಬರುತ್ತದೆ. ಅದು ಉಪ್ಪು ನೀರು. ಚೈನಿಗೆ ವಿಷ.

ಸೈಕಲ್ ಯಾವುದು, ಜೊತೆಗೆ ಏನು

ಯಾವುದಾದರೂ ಆದೀತು. ಸಪೂರ ಟಯರಿನ ರೇಸ್ ಸೈಕಲ್ ಮಾತ್ರ ಇಲ್ಲಿಗೆ ಅಷ್ಟು ಸರಿಯಲ್ಲ, ಯಾಕೆಂದರೆ ಬೆಂಗ್ರೆಯ ರಸ್ತೆಗೆ ಗಾಳಿಯಲ್ಲಿ ಹೊಯಿಗೆ ಬಂದು ಬಿದ್ದಿರುತ್ತದೆ, ತಿರುವಿನಲ್ಲಿ ಜಾರುತ್ತದೆ. 35 ಮಿಲಿಮೀಟರಿನ ಆಸುಪಾಸಿನ ಟಯರ್ ಇದ್ದರೆ ಸಾಕು, ಗಾಳಿ ಕಲ್ಲಿನ ಹಾಗೆ ಗಟ್ಟಿ ತುಂಬಿಸಬೇಡಿ.

ಜೊತೆಗೆ ಒಂದು ಟ್ಯೂಬ್, ಪಂಪು, ಟಯರ್ ಬಿಚ್ಚುವ ಎರಡು ಲಿವರ್. ಟ್ಯೂಬ್ ಯಾಕೆ ಅಂದರೆ, ಹಳ್ಳಿಯ ಸೈಕಲ್ ಅಂಗಡಿಗಳು ಈಗ ಕಮ್ಮಿ. ಇದ್ದರೂ ಅಲ್ಲಿ ಸಿಗುವುದು ವಾಲ್‌ಟ್ಯೂಬ್ ಹಾಕುವ ಹಳೇ ನಮೂನೆಯ ಟ್ಯೂಬ್. ನಿಮ್ಮದು ಸಪೂರ ವಾಲ್ವಿನ ಹೊಸ ಸೈಕಲ್ ಆದರೆ ಅವರ ಪಂಪು ಕೂಡ ಕೂರುವುದಿಲ್ಲ. ಕಾರಿನ ನಮೂನೆಯ ದಪ್ಪ ವಾಲ್ವ್ ಇದ್ದರೆ ಪೆಟ್ರೋಲ್ ಬಂಕಿನಲ್ಲಾದರೂ ಗಾಳಿ ಸಿಗುತ್ತದೆ. ನಾನು ಪಂಪು ಮನೆಯಲ್ಲಿ ಬಿಟ್ಟು ಹೋದ ದಿನವೇ ಪಂಕ್ಚರ್ ಆಯಿತು. ನಾಲ್ಕು ಕಿಲೋಮೀಟರ್ ತಳ್ಳಿ ಒಂದು ಅಂಗಡಿಗೆ ತಲುಪಿದರೆ ಬಾಗಿಲು ಹಾಕಿತ್ತು, ಊರಲ್ಲಿ ನೇಮ (ದೈವದ ಕೋಲ) ಅಂತೆ. ನೇಮಕ್ಕೆ ಹೋಗಿ ಊಟ ಮಾಡಿದೆ, ಆಮೇಲೆ ಅಂಗಡಿಯವರೇ ಸಿಕ್ಕಿದರು.

ನೀರು ಒಂದು ಬಾಟಲಿ ಸಾಕು. ದಾರಿಯಲ್ಲಿ ಬೊಂಡ, ಅಂದರೆ ಎಳನೀರು ಸಿಗುತ್ತದೆ.

ಮೊದಲ ಸವಾರಿ: ಕಲ್ಯಾಣಪುರದಿಂದ ಕೋಡಿಬೆಂಗ್ರೆ

ಯಾರಾದರೂ ಹೊಸಬರು ಕೇಳಿದರೆ ನಾನು ಇದನ್ನೇ ಹೇಳುವುದು. ಉಡುಪಿಯಿಂದ ಹೋಗಿ ಬರಲು ಹೆಚ್ಚುಕಮ್ಮಿ 40 ಕಿಲೋಮೀಟರ್. ದೂರ ಅನಿಸಿದರೆ ಸಂತೆಕಟ್ಟೆಯವರೆಗೆ ಸೈಕಲನ್ನು ಯಾವುದಾದರೂ ಗಾಡಿಯಲ್ಲಿ ತನ್ನಿ.

ಸಂತೆಕಟ್ಟೆಯಲ್ಲಿ ಹೆದ್ದಾರಿ ದಾಟಬೇಕು. ಇಡೀ ಸವಾರಿಯಲ್ಲಿ ಅಪಾಯದ ಜಾಗ ಇದೊಂದೇ, ಇಳಿದು ತಳ್ಳಿಕೊಂಡೇ ದಾಟಿ. ದಾಟಿದ ಮೇಲೆ ಕಲ್ಯಾಣಪುರ, ಮಿಲಾಗ್ರಿಸ್ ಚರ್ಚ್. ಹಳೇ ಇಗರ್ಜಿ, ಶುರುವಾದದ್ದು 1678ರಲ್ಲಿ. ಅಲ್ಲಿಂದ ಕೆಮ್ಮಣ್ಣಿನ ಕಡೆ ಹೋಗುವ ರಸ್ತೆ ಹಿಡಿಯಿರಿ. ಈ ರಸ್ತೆಯಲ್ಲಿ ಸರ್ವಿಸ್ ಬಸ್ಸು ಉಂಟು, ಎಡಕ್ಕೇ ಇರಿ. ಸ್ವಲ್ಪ ಮುಂದೆ ಹೋದ ಮೇಲೆ ಬಲಕ್ಕೆ ಹೊಳೆಯ ಕಡೆ ಇಳಿಯುವ ಯಾವ ಒಳರಸ್ತೆ ಹಿಡಿದರೂ ಬೈಲು ಸಿಗುತ್ತದೆ.

ಅಲ್ಲಿ ನಿಲ್ಲಿ. ಡಿಸೆಂಬರಿನ ಬೆಳಗ್ಗೆ ಏಳು ಗಂಟೆಗೆ ಗದ್ದೆಯ ಮೇಲೆ ಸೊಂಟದೆತ್ತರಕ್ಕೆ ಮಂಜು ನಿಂತಿರುತ್ತದೆ, ಅದರ ಮೇಲೆ ತೆಂಗಿನ ತಲೆಗಳು ಮಾತ್ರ ಕಾಣುತ್ತವೆ. ಸೈಕಲಿನ ಫ್ರೀವೀಲ್ ಟಿಕ್ ಟಿಕ್ ಅನ್ನುವುದು ನಿಮಗೇ ಜೋರು ಅನಿಸುತ್ತದೆ. ಒಂದು ಸಲ ಆ ಸದ್ದಿಗೆ ನನ್ನ ಎದುರಿನ ಪುಣಿಯಿಂದ ನವಿಲೊಂದು ಎದ್ದು ರಸ್ತೆಗೆ ಅಡ್ಡ ಹಾರಿತು, ಬಾಲ ನನ್ನ ಹ್ಯಾಂಡಲಿಗೆ ತಾಗುವುದಕ್ಕೆ ಒಂದು ಗೇಣು ಬಾಕಿ. ನವಿಲು ಚಂದ ಅಂತ ನಾವು ಹೇಳುವುದು ದೂರದಿಂದ ನೋಡಿ. ಅಷ್ಟು ಹತ್ತಿರದಲ್ಲಿ ಅದು ಹಾರುವ ಗೋಣಿಚೀಲ. ಬೈಲಿನ ರಸ್ತೆಯಲ್ಲಿ ಕಾರಿಗಿಂತ ಇವುಗಳ ಮೇಲೆ ಕಣ್ಣಿಡಿ.

ಕೆಮ್ಮಣ್ಣಿಗೆ ಬಂದ ಮೇಲೆ ತೂಗುಸೇತುವೆಯ ದಾರಿ ಕೇಳಿ. ತಿಮ್ಮಣ್ಣ ಕುದ್ರುವಿಗೆ ಹೋಗುವ ಸೇತುವೆ ಅದು, ನಡೆಯುವವರಿಗೆ ಅಂತ ಕಟ್ಟಿದ್ದು. ಅಲ್ಲಿ ಬರೆದು ಹಾಕಿದ ಸೂಚನೆ ಓದಿ ಅದರ ಹಾಗೇ ನಡೆಯಿರಿ. ಕುದ್ರುವಿನ ಜನರಿಗೆ ಅದು ದಿನನಿತ್ಯದ ದಾರಿ, ನಮಗೆ ಫೋಟೋದ ಜಾಗ. ನಡುವಿನಲ್ಲಿ ನಿಂತು ಕುಣಿಸಬೇಡಿ.

ಅಲ್ಲಿಂದ ಹೂಡೆ, ಹೂಡೆಯಿಂದ ಬಲಕ್ಕೆ ತಿರುಗಿ ಬಡಗಿಗೆ. ಈಗ ಶುರುವಾಗುವುದು ನಿಜವಾದ ಮಜಾ. ಸ್ವರ್ಣಾ ಹೊಳೆ ಸಮುದ್ರದ ಇಷ್ಟು ಹತ್ತಿರ ಬಂದೂ ಸೀದಾ ಸೇರುವುದಿಲ್ಲ. ಬಡಗಿಗೆ ತಿರುಗಿ, ಹೊಯಿಗೆಯ ಪಟ್ಟಿಯ ಹಿಂದೆಯೇ ಕಿಲೋಮೀಟರ್‌ಗಟ್ಟಲೆ ಹರಿದು, ಸೀತಾ ನದಿಯನ್ನು ಜೊತೆ ಮಾಡಿಕೊಂಡು ಕೋಡಿಬೆಂಗ್ರೆಯಲ್ಲಿ ಸಮುದ್ರಕ್ಕೆ ಬೀಳುತ್ತದೆ. ನಿಮ್ಮ ರಸ್ತೆ ಆ ಪಟ್ಟಿಯ ಮೇಲೆ. ಎಡಕ್ಕೆ ತೆಂಗಿನ ಆಚೆ ಸಮುದ್ರದ ಸದ್ದು, ಬಲಕ್ಕೆ ಸದ್ದೇ ಇಲ್ಲದ ಹೊಳೆ. ಕೆಲವು ಕಡೆ ಪಟ್ಟಿ ಎಷ್ಟು ಸಪೂರ ಅಂದರೆ ಎರಡೂ ನೀರು ಒಟ್ಟಿಗೆ ಕಾಣುತ್ತದೆ.

ಇಳಿತದ ಹೊತ್ತಿಗೆ ಹೋದರೆ ಹೊಳೆಯಲ್ಲಿ ಎದೆಮಟ್ಟದ ನೀರಿನಲ್ಲಿ ನಿಂತು ಕಾಲಲ್ಲೇ ತಡಕಿ ಮರುವಾಯಿ (ತಿನ್ನುವ ಚಿಪ್ಪು) ಹೆಕ್ಕುವವರು ಕಾಣುತ್ತಾರೆ. ರಸ್ತೆಯ ಬದಿಯಲ್ಲಿ ಮೀನು ಒಣಹಾಕಿರುತ್ತಾರೆ, ಅದರ ಮೇಲೆ ಚಕ್ರ ಹೋಗದ ಹಾಗೆ ನೋಡಿಕೊಳ್ಳಿ. ನಾಯಿಗಳು ಮೀನಿನ ಹತ್ತಿರವೇ ಇರುತ್ತವೆ, ಅವು ಅಟ್ಟಿಸಿಕೊಂಡು ಬಂದರೆ ಜೋರು ತುಳಿಯಬೇಡಿ. ಇಳಿದು ಸೈಕಲನ್ನು ನಡುವೆ ಇಟ್ಟುಕೊಂಡು ನಾಲ್ಕು ಹೆಜ್ಜೆ ನಡೆದರೆ ಅವಕ್ಕೆ ಆಸಕ್ತಿ ಹೋಗುತ್ತದೆ.

ತುದಿಯಲ್ಲಿ ಕೋಡಿಬೆಂಗ್ರೆ. ಆಚೆ ದಡ ಹಂಗಾರಕಟ್ಟೆ. ದೋಣಿ ದಾಟಿಸುವ ವ್ಯವಸ್ಥೆ ಇದ್ದರೆ, ಸೈಕಲ್ ಹಾಕಿಕೊಳ್ಳುತ್ತಾರಾ ಅಂತ ಅಲ್ಲೇ ಕೇಳಿ. ಹೌದು ಅಂದರೆ ಬಾರ್ಕೂರಿನ ಕಡೆ ಹೋಗಿ ಸುತ್ತು ಹಾಕಿ ಬರಬಹುದು. ಇಲ್ಲ ಅಂದರೆ ಬಂದ ದಾರಿಯಲ್ಲೇ ವಾಪಸ್. ಅಷ್ಟರಲ್ಲಿ ಗಾಳಿ ಎದ್ದಿರುತ್ತದೆ, ಬೆನ್ನಿಗೆ.

ಎರಡನೆಯ ಸವಾರಿ: ಮಟ್ಟು, ಪಡುಕೆರೆ, ಮಲ್ಪೆ

ಉದ್ಯಾವರ ಹೊಳೆಯದ್ದೂ ಇದೇ ಕಥೆ. ಅದೂ ಬಡಗಿಗೆ ತಿರುಗಿ ಮಲ್ಪೆಯಲ್ಲಿ ಸಮುದ್ರ ಸೇರುತ್ತದೆ, ಹೊಳೆಗೂ ಸಮುದ್ರಕ್ಕೂ ನಡುವಿನ ಪಟ್ಟಿಯೇ ಪಡುಕೆರೆ. ಹೆಚ್ಚಿನವರು ಮಲ್ಪೆಯಿಂದ ಶುರು ಮಾಡುತ್ತಾರೆ. ನಾನು ಉಲ್ಟಾ ಮಾಡುತ್ತೇನೆ: ಕಟಪಾಡಿಯಿಂದ ಮಟ್ಟು, ಮಟ್ಟುವಿನಿಂದ ಬಡಗಿಗೆ ಪಡುಕೆರೆ, ಸೇತುವೆ ದಾಟಿ ಮಲ್ಪೆ, ಅಲ್ಲಿಂದ ಉಡುಪಿ. ಬೆಳಗ್ಗೆ ಗಾಳಿ ಇಲ್ಲದಾಗ ಬಡಗಿಗೆ, ಗಾಳಿ ಎದ್ದ ಮೇಲೆ ಮೂಡಕ್ಕೆ. ಒಂದೇ ತೊಂದರೆ, ಕಟಪಾಡಿಗೆ ಹೋಗುವಾಗ ಉದ್ಯಾವರದಲ್ಲಿ ಹೆದ್ದಾರಿಯ ಸೇತುವೆಯನ್ನೇ ಹಿಡಿಯಬೇಕು. ಅದಕ್ಕೇ ಬೆಳಕು ಹರಿಯುವಾಗಲೇ ಅದನ್ನು ದಾಟಿಬಿಡುವುದು.

ಮಟ್ಟು ಅಂದರೆ ಗುಳ್ಳ, ಅಂದರೆ ಬದನೆಕಾಯಿ. ಹಸಿರು ಬಣ್ಣ, ಮೈಮೇಲೆ ಬಿಳಿ ಗೆರೆ, ಚೆಂಡಿನ ಹಾಗೆ ದುಂಡಗೆ. ವಾದಿರಾಜ ಸ್ವಾಮಿಗಳು ಬೀಜ ಕೊಟ್ಟದ್ದು ಅಂತ ಊರಿನವರ ನಂಬಿಕೆ, 2011ರಲ್ಲಿ ಇದಕ್ಕೆ ಭೌಗೋಳಿಕ ಸೂಚಿಕೆಯೂ ಸಿಕ್ಕಿತು. ಮಳೆ ನಿಂತ ಮೇಲೆ ನೆಡುತ್ತಾರೆ, ಜನವರಿಯಲ್ಲಿ ಹೋದರೆ ರಸ್ತೆ ಬದಿಯಲ್ಲೇ ಗಿಡ ನೋಡಬಹುದು. ಎರಡು ಕಿಲೋ ತೆಗೆದುಕೊಂಡು ಹ್ಯಾಂಡಲಿಗೆ ನೇತುಹಾಕಿದರೆ ಚೀಲ ಚಕ್ರಕ್ಕೆ ಸಿಕ್ಕುತ್ತದೆ. ಹಿಂದೆ ಕ್ಯಾರಿಯರ್ ಹಾಕಿಸಿಕೊಳ್ಳಿ. ಹುಳಿಗೆ ಬಿದ್ದ ಮೇಲೆ ಆ ಖರ್ಚು ನೆನಪಿರುವುದಿಲ್ಲ.

ಈ ರಸ್ತೆಗೆ ಕಡಲ್ಕೊರೆತದ ಕಾಟ ಉಂಟು. ಮಳೆಗಾಲ ಕಳೆದ ಮೇಲೆ ಮೊದಲ ಸಲ ಹೋಗುವಾಗ ರಸ್ತೆ ಸರಿ ಉಂಟಾ ಅಂತ ಕೇಳಿಕೊಂಡೇ ಹೊರಡಿ.

ಮಂಗಳೂರಿನವರಿಗೆ

ನಗರದೊಳಗೆ ಏರಿಳಿತ ತಪ್ಪಿಸಲು ಆಗುವುದಿಲ್ಲ. ಕೊಡಿಯಾಲ್‌ಬೈಲು ಹೆಸರಿಗೆ ಬೈಲು, ಈಗ ಅಲ್ಲಿ ಗದ್ದೆ ಎಲ್ಲಿ? ಸೈಕಲನ್ನು ಕಾರಿಗೆ ಕಟ್ಟಿ ಹಳೆಯಂಗಡಿಗೆ ತನ್ನಿ. ಅಲ್ಲಿಂದ ಪಡುವಣಕ್ಕೆ ಸಸಿಹಿತ್ಲು. ನಂದಿನಿ ಮತ್ತು ಶಾಂಭವಿ ಎರಡೂ ಒಟ್ಟಿಗೆ ಸಮುದ್ರ ಸೇರುವುದು ಅಲ್ಲಿ. ಸಣ್ಣ ಸವಾರಿ, ಮಕ್ಕಳನ್ನೂ ಕರೆದುಕೊಂಡು ಹೋಗಬಹುದು.

ಗದ್ದೆಯವರ ಜೊತೆ

ಅಕ್ಟೋಬರಿನಲ್ಲಿ ಏಣೆಲು ಕೊಯ್ಲು. ರಸ್ತೆಯಲ್ಲೇ ಭತ್ತ ಒಣಹಾಕಿರುತ್ತಾರೆ, ಬೈಹುಲ್ಲು ಹರಡಿರುತ್ತಾರೆ. ಭತ್ತದ ಮೇಲೆ ಸೈಕಲ್ ಹಾಯಿಸಬಾರದು, ಇಳಿದು ಬದಿಯಿಂದ ಹೋಗಿ. ಬೈಹುಲ್ಲು ನೋಡಲು ಮೆತ್ತಗೆ, ಆದರೆ ಚೈನಿಗೂ ಗೇರಿಗೂ ಸುತ್ತಿಕೊಂಡರೆ ಬಿಡಿಸಲು ಅರ್ಧ ಗಂಟೆ. ಕಟಾವಿನ ಯಂತ್ರ ಎದುರು ಬಂದರೆ ಅದಕ್ಕೆ ಹಿಂದೆ ಹೋಗಲು ಆಗುವುದಿಲ್ಲ, ನೀವೇ ಯಾವುದಾದರೂ ಮನೆಯ ದಣಪೆಯ (ಗೇಟಿನ) ಹತ್ತಿರ ಸರಿದು ನಿಲ್ಲಿ.

ನವೆಂಬರಿನಿಂದ ಮಾರ್ಚ್‌ವರೆಗೆ ಕಂಬಳ. ಶನಿವಾರ, ಭಾನುವಾರ ನೀವು ಹೋಗುವ ಬೈಲಿನಲ್ಲೇ ಕಂಬಳ ಇದ್ದರೆ ಅಂದು ನೆಮ್ಮದಿಯ ಸವಾರಿ ಇಲ್ಲ. ಸೈಕಲ್ ಎಲ್ಲಾದರೂ ಒರಗಿಸಿ ಕೋಣ ನೋಡುವುದೇ ಒಳ್ಳೆಯದು.

ಮಳೆಗಾಲದಲ್ಲಿ?

ಬೇಡ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವ ಊರು ಇದು, ಅದರಲ್ಲಿ ಹೆಚ್ಚಿನದು ಜೂನಿನಿಂದ ಸೆಪ್ಟೆಂಬರಿನ ಒಳಗೆ. ಬೈಲು ಇರುವುದೇ ನೀರು ಬಂದು ನಿಲ್ಲಲಿಕ್ಕೆ. 2020ರ ಸೆಪ್ಟೆಂಬರ್ 20ರಂದು ಉಡುಪಿಗೆ ಬಂದ ನೆರೆ ನೋಡಿದವರಿಗೆ ನಾನು ಹೇಳಬೇಕಾಗಿಲ್ಲ. ರಸ್ತೆಯ ಮೇಲೆ ನೀರು ಹರಿಯುತ್ತಿದ್ದರೆ ಅಂಚು ಎಲ್ಲಿ ಮುಗಿಯುತ್ತದೆ ಅಂತ ಕಾಣುವುದಿಲ್ಲ, ಮೊಣಕಾಲು ಮಟ್ಟದ ನೀರೂ ಎಳೆಯುತ್ತದೆ. ತಿರುಗಿ ಬನ್ನಿ.

ಮಳೆ ಬಿಟ್ಟ ದಿನವೂ ಕಾಂಕ್ರೀಟಿನ ಮೇಲೆ ಪಾಚಿ ಇರುತ್ತದೆ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಒಂದು ದಿನ ಬಿಸಿಲು ಬಂತು ಅಂತ ಹೊರಟವನು ನಾನು. ತಿರುವಿನಲ್ಲಿ ಮುಂದಿನ ಬ್ರೇಕ್ ಒತ್ತಿದೆ ಅಷ್ಟೇ, ಸೈಕಲ್ ರಸ್ತೆಯಲ್ಲಿ ಉಳಿಯಿತು, ನಾನು ಗದ್ದೆಯಲ್ಲಿ. ನೇಜಿ (ಭತ್ತದ ಸಸಿ) ನೆಟ್ಟು ವಾರವೂ ಆಗಿರಲಿಲ್ಲ. ಮನೆಯೊಳಗಿಂದ ಓಡಿ ಬಂದ ಅಜ್ಜಿ ಮೊದಲು ನೇಜಿ ನೋಡಿದರು, ಆಮೇಲೆ ನನ್ನನ್ನು. "ಪೆಟ್ಟಾಯ್ತಾ ಮಗಾ?" ಅಂತ ಕೇಳಿ, ಬಿದ್ದ ಐದಾರು ಬುಡ ನನ್ನ ಕೈಯಲ್ಲೇ ಮತ್ತೆ ನೆಡಿಸಿದರು.

ಅಕ್ಟೋಬರ್ ಅರ್ಧದಿಂದ ಫೆಬ್ರವರಿವರೆಗೆ ಸರಿಯಾದ ಕಾಲ. ಮಾರ್ಚ್ ಬಂದರೆ ಸೆಕೆ, ಒಂಬತ್ತರ ಒಳಗೆ ಮನೆ ಸೇರಬೇಕು.

ಮನೆಗೆ ಬಂದ ಮೇಲೆ

ಪುನರ್ಪುಳಿ ಶರಬತ್ತು ಕುಡಿದು ಮಲಗಬೇಡಿ, ಮೊದಲು ಸೈಕಲ್ ತೊಳೆಯಿರಿ. ಸಮುದ್ರದ ಬದಿಯಲ್ಲಿ ಹೋಗಿ ಬಂದ ಸೈಕಲಿನ ಮೇಲೆ ಉಪ್ಪಿನ ಪದರ ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಅಂಟುತ್ತದೆ. ಬಾವಿಯ ನೀರು ಎರಡು ಬಾಲ್ದಿ ಸಾಕು. ಜೋರಾಗಿ ಪೈಪ್ ಹಿಡಿಯಬೇಡಿ, ಬೇರಿಂಗ್ ಒಳಗೆ ನೀರು ಹೋಗುತ್ತದೆ. ಬಟ್ಟೆಯಲ್ಲಿ ಒರೆಸಿ, ಬಿಸಿಲಿಗೆ ಹತ್ತು ನಿಮಿಷ ನಿಲ್ಲಿಸಿ, ಆಮೇಲೆ ಚೈನಿಗೆ ಎಣ್ಣೆ. ಅಡುಗೆಮನೆಯ ತೆಂಗಿನೆಣ್ಣೆ ಅಲ್ಲ, ಅದು ಎರಡು ದಿನದಲ್ಲಿ ಅಂಟಾಗಿ ಹೊಯಿಗೆ ಹಿಡಿದುಕೊಳ್ಳುತ್ತದೆ. ಚೈನಿನದ್ದೇ ಎಣ್ಣೆ ಸಿಗುತ್ತದೆ, ಒಂದೊಂದು ಕೊಂಡಿಗೆ ಒಂದೊಂದು ಹನಿ ಹಾಕಿ, ಪೆಡಲ್ ಹಿಂದಕ್ಕೆ ತಿರುಗಿಸಿ, ಹೊರಗೆ ಉಳಿದದ್ದನ್ನು ಒರೆಸಿ ತೆಗೆಯಿರಿ. ಇದನ್ನು ಒಂದು ವಾರ ಬಿಟ್ಟರೆ ಚೈನು ಕೆಂಪಾಗುತ್ತದೆ. ಎರಡು ವಾರ ಬಿಟ್ಟರೆ ಬೈಲಿನಲ್ಲಿ ಹೋಗುವಾಗ ನೀವು ಬರುವುದು ನವಿಲಿಗೆ ಅರ್ಧ ಕಿಲೋಮೀಟರ್ ಮೊದಲೇ ಕೇಳುತ್ತದೆ.